ಮಿಲ್ಕ್‌ವೀಡ್ ಗಿಡ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಎರಡು ವರ್ಷದ ಹಿಂದೆ ನಾನು ಅಂಗಡಿಯಿಂದ ತಂದ ಆರು ಮಿಲ್ಕ್‌ವೀಡ್ ಗಿಡಗಳು ನಮ್ಮ ಹಿತ್ತಲಲ್ಲೇ ಹುಟ್ಟಿದ ಮೊನಾರ್ಕ್ ಚಿಟ್ಟೆಯ ಮರಿಹುಳುಗಳನ್ನು ಕೊಂದವು. ಈ ವಸಂತದಲ್ಲಿ ಚಿಟ್ಟೆ, ಜೇನುಹುಳುಗಳಿಗೆ ಅಂತ ಹೂದೋಟ ಮಾಡಲು ಹೊರಟಿರುವ ಸ್ನೇಹಿತರು ನನಗೆ ಮೂರ್ನಾಲ್ಕು ಜನ ಗೊತ್ತು. ಅವರಿಗೂ, ನಿಮಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ. ಮೊನಾರ್ಕ್ ಚಿಟ್ಟೆಗಳು ಮೆಕ್ಸಿಕೋದ ಬೆಟ್ಟದ ಕಾಡುಗಳಲ್ಲಿ ಚಳಿಗಾಲ ಕಳೆದು ಮಾರ್ಚ್ ತಿಂಗಳಲ್ಲಿ ಉತ್ತರಕ್ಕೆ ಹೊರಡುತ್ತವೆ. ನಮ್ಮ ಕಡೆ ಬರುವ ಹೊತ್ತಿಗೆ ಅವುಗಳ ರೆಕ್ಕೆ ಸವೆದು, ಬಣ್ಣ ಮಾಸಿರುತ್ತದೆ. ಹೆಚ್ಚಿನವು ಇಲ್ಲಿ, ಸುತ್ತಮುತ್ತಲ ರಾಜ್ಯಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಮುಂದಕ್ಕೆ ಹಾರುವುದು ಅವುಗಳ ಮಕ್ಕಳು. ಆ ಮಕ್ಕಳು ಮರಿಹುಳುಗಳಾಗಿದ್ದಾಗ ತಿನ್ನುವುದು ಮಿಲ್ಕ್‌ವೀಡ್ ಎಲೆಯನ್ನು ಮಾತ್ರ. ಬೇರೆ ಏನು ಕೊಟ್ಟರೂ ಬದುಕುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಈ ಚಿಟ್ಟೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾವ ಮುಂದಿಟ್ಟಿತು. ಅಷ್ಟು ಕಡಿಮೆಯಾಗಿವೆ.

ನಾನು ಗಿಡ ತಂದದ್ದು ದೊಡ್ಡ ಅಂಗಡಿಯೊಂದರಿಂದ. ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯ ಮೇಲೆ ಚಿಟ್ಟೆಯ ಚಿತ್ರ ಇತ್ತು. "ಇದು ನೇಟಿವ್ ಗಿಡಾನಾ, ಈ ನೆಲದ್ದೇನಾ?" ಅಂತ ಕೇಳಿದೆ. ಹೌದು ಅಂದರು. ಕೆಂಪು-ಹಳದಿ ಹೂ. ಎಲೆಯ ಮೇಲೆ ಒಂದು ತೂತಿಲ್ಲ, ಒಂದು ಹೇನಿಲ್ಲ. ಅಷ್ಟು ಚೊಕ್ಕವಾಗಿದೆ ಅಂತಲೇ ಖುಷಿಯಿಂದ ತಂದೆ. ಅನುಮಾನ ಬರಬೇಕಿದ್ದದ್ದೂ ಅದಕ್ಕೇ.

ಆಗ ಅಮ್ಮ ಚಿಂತಾಮಣಿಯಿಂದ ಬಂದಿದ್ದರು. ನೆಡುವಾಗ ಒಂದು ಎಲೆ ಮುರಿದು ಹಾಲು ಸುರಿಯಿತು. "ಇದು ನಮ್ಮ ಎಕ್ಕದ ಜಾತೀದೇ ಕಣಮ್ಮ, ಆ ಕೈ ಕಣ್ಣಿಗೆ ಹಚ್ಚಬೇಡ" ಅಂದರು. ಅಮ್ಮ ಹೇಳಿದ್ದು ಸರಿ. ರಥಸಪ್ತಮಿ ದಿನ ತಲೆ, ಭುಜದ ಮೇಲೆ ಇಟ್ಟುಕೊಂಡು ಸ್ನಾನ ಮಾಡುವ ಎಕ್ಕದ ಎಲೆ ಮತ್ತು ಮಿಲ್ಕ್‌ವೀಡ್ ಎರಡೂ ಒಂದೇ ಕುಟುಂಬದವು. ಈ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ (ಕಾರ್ನಿಯಾ) ಊದಿಕೊಂಡು ನೋಟ ಮಂಜಾಗಬಹುದು. ಅದಕ್ಕೇ ಗ್ಲೌಸ್ ಹಾಕಿಕೊಳ್ಳಿ. ಊರಲ್ಲಿ ಎಕ್ಕದ ಗಿಡಕ್ಕೆ ಮುತ್ತುವ ಹಳದಿ ಹೇನು ನೋಡಿದ್ದೀರಲ್ವಾ? ಅದೇ ಹೇನು ಇಲ್ಲಿ ಮಿಲ್ಕ್‌ವೀಡ್‌ಗೂ ಮುತ್ತುತ್ತದೆ. ನನ್ನ ತೊಂದರೆ ಶುರುವಾದದ್ದು ಆ ಹೇನಿನಿಂದ.

ನೆಟ್ಟ ನಾಲ್ಕನೇ ದಿನ ಒಂದು ಹೆಣ್ಣು ಚಿಟ್ಟೆ ಬಂತು. ಎಲೆಯಿಂದ ಎಲೆಗೆ ಹಾರಿ, ಅಡಿಭಾಗಕ್ಕೆ ಹೊಟ್ಟೆ ಬಗ್ಗಿಸಿ ಒಂದೊಂದೇ ಮೊಟ್ಟೆ ಇಟ್ಟಿತು. ಅಮ್ಮ, ನಾನು ಕೂತು ಎಣಿಸಿದೆವು. ಇಪ್ಪತ್ತಮೂರು. ನಾಲ್ಕು ದಿನಕ್ಕೆ ಮೊಟ್ಟೆ ಒಡೆದು ನೂಲಿನೆಳೆಯಷ್ಟು ಸಣ್ಣ ಹುಳುಗಳು ಬಂದವು. ಮೂರನೇ ದಿನಕ್ಕೆ ಅವು ತಿನ್ನುವುದನ್ನು ಬಿಟ್ಟವು. ಕೆಲವು ಮೈ ತಿರುಚಿಕೊಂಡು ಒದ್ದಾಡಿದವು. ಕೆಲವು ಹಸಿರು ನೀರು ಕಕ್ಕಿ, ಎಲೆಯ ತುದಿಗೆ ಹಿಂಗಾಲಲ್ಲಿ ನೇತುಬಿದ್ದಿದ್ದವು. ಬಿಸಿಲಿಗಿರಬೇಕು ಅಂತ ನೆರಳು ಮಾಡಿದೆ. ಧೂಳಿರಬೇಕು ಅಂತ ಎಲೆಗಳನ್ನು ಒಂದೊಂದಾಗಿ ತೊಳೆದೆ. ಒಂದು ವಾರದೊಳಗೆ ಒಂದೂ ಉಳಿಯಲಿಲ್ಲ. ಅಷ್ಟು ದೂರದಿಂದ ಬಂದ ತಾಯಿ, ಇದು ಸರಿಯಾದ ಜಾಗ ಅಂತ ನಂಬಿ ನನ್ನ ಗಿಡದ ಮೇಲೆ ಇಟ್ಟ ಮೊಟ್ಟೆಗಳವು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಸಂಕಟವಾಗುತ್ತದೆ.

ಅಂಗಡಿಗೆ ಹೋಗಿ ಕೇಳಿದೆ. ನಾವು ಏನೂ ಹೊಡೆದಿಲ್ಲ ಅಂದರು. ಎರಡು ಸಲ ಹೋದ ಮೇಲೆ, ಗಿಡ ಬೆಳೆಸಿ ಕೊಡುವ ನರ್ಸರಿಗೆ ಫೋನ್ ಮಾಡಿ ಕೇಳಿದರು. ಹೇನು ಬಾರದಿರಲಿ ಅಂತ ಸಸಿ ಇರುವಾಗಲೇ ಬುಡಕ್ಕೆ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಹಾಕಿದ್ದರಂತೆ. ಹೇನು ಹತ್ತಿದ ಗಿಡವನ್ನು ಗಿರಾಕಿಗಳು ಮುಟ್ಟುವುದಿಲ್ಲ, ಅದಕ್ಕೆ.

ಈ ಹೆಸರು ಊರಿನ ರೈತರಿಗೆ ಚೆನ್ನಾಗಿ ಗೊತ್ತು. ನಮ್ಮ ಅಣ್ಣ ಟೊಮೆಟೊಗೆ ಬಿಳಿನೊಣ ಬಂದಾಗ ಇದನ್ನೇ ಹೊಡೆಯುತ್ತಾನೆ. ಇದು ಎಲೆಯ ಮೇಲೆ ಕೂತು ಮಳೆಗೆ ತೊಳೆದುಹೋಗುವ ಔಷಧವಲ್ಲ. ಬೇರು ಇದನ್ನು ಹೀರುತ್ತದೆ. ಕಾಂಡ, ಎಲೆ, ಪರಾಗ, ಮಕರಂದ ಎಲ್ಲಕ್ಕೂ ಹೋಗುತ್ತದೆ. ಗಿಡವೇ ವಿಷವಾಗುತ್ತದೆ. ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಮಣ್ಣಿನಲ್ಲಿ ಇನ್ನೂ ಜಾಸ್ತಿ ದಿನ. ನಾನು ಎಷ್ಟು ತೊಳೆದರೂ ಏನೂ ಆಗದಿದ್ದದ್ದು ಇದಕ್ಕೇ.

ಆದ್ದರಿಂದ ಅಂಗಡಿಯಲ್ಲಿ "ಔಷಧ ಹೊಡೆದಿದ್ದೀರಾ?" ಅಂತ ಸುಮ್ನೆ ಕೇಳಿದರೆ ಸಾಲದು. ಬೀಜದಿಂದ ಇಲ್ಲಿಯವರೆಗೆ, ಯಾರಾದರೂ, ಯಾವಾಗಲಾದರೂ ಸಿಸ್ಟಮಿಕ್ ಕೀಟನಾಶಕ, ಅಂದರೆ ಹೀಗೆ ಗಿಡದೊಳಗೆಲ್ಲ ಸೇರುವ ಔಷಧ, ಹಾಕಿದ್ದಾರಾ ಅಂತ ಕೇಳಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್, ಡೈನೋಟೆಫ್ಯುರಾನ್ ಅಂತ ಹೆಸರು ಹಿಡಿದೇ ಕೇಳಿ. ಗೊತ್ತಿಲ್ಲ ಅಂದರೆ ಕೊಳ್ಳಬೇಡಿ. ಬೀಟಿ ಅನ್ನುವ ಸಾವಯವ ಔಷಧ ಹೊಡೆದಿದ್ದರೂ ಬೇಡ, ಅದು ಮರಿಹುಳುಗಳನ್ನೇ ಕೊಲ್ಲಲು ಇರುವುದು. ಹೇನು ಹತ್ತಿದ, ಎಲೆ ಕಚ್ಚಿದ ಗಿಡ ಕಂಡರೆ ಅದನ್ನೇ ತನ್ನಿ. ಹೇನನ್ನು ಬೆರಳಲ್ಲಿ ಒರೆಸಿದರೆ ಆಯಿತು.

ಇನ್ನೊಂದು ಮೋಸ ನನಗೆ ಆಮೇಲೆ ತಿಳಿಯಿತು. ಆ ಕೆಂಪು-ಹಳದಿ ಹೂವಿನ ಗಿಡ ಟೆಕ್ಸಾಸಿನದೇ ಅಲ್ಲ. ಮೆಕ್ಸಿಕೋ ಮತ್ತು ಅದರ ದಕ್ಷಿಣದ ಬಿಸಿ ನಾಡುಗಳದ್ದು, ಟ್ರಾಪಿಕಲ್ ಮಿಲ್ಕ್‌ವೀಡ್. ಚಳಿ ಕಡಿಮೆ ಇರುವ ಕಡೆ ಅದು ಒಣಗುವುದೇ ಇಲ್ಲ. ಚಿಟ್ಟೆಗೆ ಹತ್ತುವ ಓಇ ಅನ್ನುವ ಪರಾವಲಂಬಿಯ ಕಣಗಳು ಅದರ ಎಲೆಗಳ ಮೇಲೆ ತಿಂಗಳು ತಿಂಗಳು ಕೂಡುತ್ತಾ ಹೋಗುತ್ತವೆ. ಅದನ್ನು ತಿಂದ ಹುಳು ಗೂಡಿನಿಂದ ಹೊರಬಂದಾಗ ರೆಕ್ಕೆ ಮುದುರಿರಬಹುದು. ಹಾರಲಾರದು. ನಮ್ಮ ನೆಲದ ಮಿಲ್ಕ್‌ವೀಡ್‌ಗಳು ಚಳಿಗೆ ಮೇಲೆಲ್ಲ ಒಣಗಿ, ವಸಂತಕ್ಕೆ ಹೊಸ ಎಲೆಯೊಂದಿಗೆ ಬರುತ್ತವೆ.

ನಿಮ್ಮ ಕಡೆಗೆ ಯಾವುದು ನೇಟಿವ್ ಅಂತ ಆಸ್ಟಿನ್‌ನ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರ್‌ನವರ ಸಸ್ಯಪಟ್ಟಿಯಲ್ಲಿ ನೋಡಬಹುದು. ನಾನು ಆ್ಯಂಟಿಲೋಪ್ ಹಾರ್ನ್ಸ್ ಮತ್ತು ಗ್ರೀನ್ ಮಿಲ್ಕ್‌ವೀಡ್ ಅನ್ನುವ ಇಲ್ಲಿಯ ಎರಡು ಜಾತಿಗಳ ಬೀಜ ತಂದು ನವೆಂಬರ್‌ನಲ್ಲಿ ನೆಲಕ್ಕೇ ಹಾಕಿದೆ. ಹಸಿ ಚಳಿ ತಾಗಿದರೆ ಈ ಬೀಜಗಳು ಚೆನ್ನಾಗಿ ಮೊಳೆಯುತ್ತವೆ. ವಸಂತದಲ್ಲಿ ಹಾಕುವುದಾದರೆ ಒದ್ದೆ ಮರಳಲ್ಲಿ ಬೆರೆಸಿ ಒಂದು ತಿಂಗಳು ಫ್ರಿಜ್‌ನಲ್ಲಿಡಿ. ಮೊದಲ ವರ್ಷ ಬೆರಳುದ್ದ ಬಂದರೆ ಹೆಚ್ಚು, ಶಕ್ತಿಯೆಲ್ಲ ಬೇರಿಗೆ ಹೋಗುತ್ತದೆ. ಕಿತ್ತು ಬೇರೆ ಕಡೆ ನೆಡಬೇಡಿ, ಬೇರು ಮುರಿದರೆ ಗಿಡ ಹೋಯಿತು. ನಲವತ್ತು ಬೀಜದಲ್ಲಿ ನನಗೆ ಉಳಿದದ್ದು ಏಳು.

ಈಗಾಗಲೇ ಔಷಧ ಹಾಕಿದ್ದಾರೋ ಇಲ್ಲವೋ ಗೊತ್ತಿಲ್ಲದ ಗಿಡ ತಂದಿದ್ದರೆ, ಇವತ್ತೇ ಅದರ ಮೇಲೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ಹೂ, ಮೊಗ್ಗು ಚಿವುಟಿ, ಇಲ್ಲದಿದ್ದರೆ ಮಕರಂದಕ್ಕೆ ಬರುವ ಜೇನುಹುಳುಗಳೂ ಅದನ್ನೇ ಕುಡಿಯುತ್ತವೆ. ಆಮೇಲೆ ಅಂಗಡಿಯವರನ್ನು ಕೇಳಿ. ಹಾಕಿದ್ದೇವೆ ಅಂದರೆ ಬುಡದ ಮಣ್ಣಿನ ಸಮೇತ ಕಿತ್ತು, ಚೀಲಕ್ಕೆ ಕಟ್ಟಿ ಕಸಕ್ಕೆ ಕೊಡಿ. ಕಾಂಪೋಸ್ಟ್ ಗುಂಡಿಗೆ ಮಾತ್ರ ಹಾಕಬೇಡಿ.