ಕ್ಯಾಲಿಫೋರ್ನಿಯಾ ಥಿಯೇಟರೋ, ಡೇವಿಸ್ ಹಾಲೋ?

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿದ್ದು ಮೊದಲ ಸಲ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಹೊರಟಿದ್ದರೆ, ನನ್ನ ಓಟು ಸ್ಯಾನ್ ಹೋಸೆ ಪೇಟೆ ನಡುವಿನ ಕ್ಯಾಲಿಫೋರ್ನಿಯಾ ಥಿಯೇಟರಿಗೆ.

1927ರಲ್ಲಿ ಸಿನಿಮಾ ಅರಮನೆಯಾಗಿ ತೆರೆದದ್ದು. 1973ರಲ್ಲಿ ಬಾಗಿಲು ಮುಚ್ಚಿ, ದಶಕಗಳ ಕಾಲ ಪಾಳುಬಿದ್ದು, 2004ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಸುಮಾರು 1,100 ಸೀಟು. ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತರೂ ವೇದಿಕೆ ತೀರಾ ದೂರವೆನಿಸದು. ಮೂಕಿಚಿತ್ರ ತೋರಿಸುವಾಗ ವುರ್ಲಿಟ್ಜರ್ ಕಂಪನಿಯ ಹಳೇ ಪೈಪ್ ಆರ್ಗನ್ ನುಡಿಸುತ್ತಾರೆ, ಅದನ್ನು ಬಿಡಬೇಡಿ. ಒಪೆರಾ ಸ್ಯಾನ್ ಹೋಸೆ ತಂಡದ ಮನೆಯೂ ಇದೇ. ಚಿತ್ತಾರದ ಚಾವಣಿ ನೋಡಲಿಕ್ಕಾದರೂ ಅರ್ಧ ಗಂಟೆ ಮೊದಲೇ ಹೋಗಿ.

ಸ್ಯಾನ್ ಫ್ರಾನ್ಸಿಸ್ಕೋದ ಡೇವಿಸ್ ಹಾಲ್ 1980ರದು, ವಾದ್ಯವೃಂದಕ್ಕೆಂದೇ ಕಟ್ಟಿದ್ದು. 2,700ಕ್ಕೂ ಹೆಚ್ಚು ಸೀಟು. ಶುರುವಿನಲ್ಲಿ ಧ್ವನಿಯ ಬಗ್ಗೆ ತಕರಾರಿತ್ತು, 1992ರಲ್ಲಿ ಸರಿಪಡಿಸಿದರು. ನೂರು ವಾದಕರು ನುಡಿಸುವ, ಸಂಗೀತಕಾರ ಮಾಹ್ಲರನ ಸಿಂಫನಿ ಬೇಕೆಂದರೆ ಇಲ್ಲಿಗೇ ಬರಬೇಕು. ವೇದಿಕೆಯ ಹಿಂಬದಿಯ ಸೀಟು ಸಿಕ್ಕರೆ ವಾದ್ಯವೃಂದ ನಡೆಸುವ ಕಂಡಕ್ಟರ್ ಮುಖವೇ ಎದುರಿಗಿರುತ್ತದೆ. ಬಾರ್ಟ್ ರೈಲಿನ ಸಿವಿಕ್ ಸೆಂಟರ್ ನಿಲ್ದಾಣದಿಂದ ನಡೆದೇ ಹೋಗಬಹುದು, ಪಾರ್ಕಿಂಗ್ ರಗಳೆಯಿಲ್ಲ.