ಲಟಕ್ ಎಂಬ ಸದ್ದಿಗೆ ಮರುಳಾದೆ

ಭಾರದ ಪೆಟ್ಟಿಗೆಯೊಂದನ್ನು ಬಗ್ಗಿ ಎತ್ತಿದ್ದೇ ನೆಪ, ಸೊಂಟ ಹಿಡಿದುಕೊಂಡಿತು. ಹತ್ತು ದಿನ ಕಳೆಯುವಷ್ಟರಲ್ಲಿ ನೋವು ಎಡಗಾಲಿನ ಮೀನಖಂಡಕ್ಕೆ ಇಳಿದಿತ್ತು. ಹೋಗಬೇಕಾಗಿದ್ದದ್ದು ವೈದ್ಯರ ಬಳಿಗೆ. ಬೆನ್ನು ತಿರುಚುವ ವೀಡಿಯೊಗಳನ್ನು ಮೊಬೈಲ್‌ನಲ್ಲಿ ನೋಡಿ ನೋಡಿ ತಲೆಕೆಟ್ಟು, ಕೈಯಿಂದಲೇ ಬೆನ್ನು, ಕೀಲು ತಿರುಚಿ ಚಿಕಿತ್ಸೆ ಮಾಡುವ ಒಬ್ಬ ಕೈರೋಪ್ರಾಕ್ಟರ್ ಬಳಿಗೆ ಹೋದೆ.

ಆತ ನನ್ನನ್ನು ಬೋರಲು ಮಲಗಿಸಿ, ಹಿಮ್ಮಡಿಗಳನ್ನು ಜೋಡಿಸಿ, ಎಡಗಾಲು ಅರ್ಧ ಬೆರಳು ಗಿಡ್ಡ ಎಂದ. ಎಕ್ಸ್‌ರೇ ತೋರಿಸಿ ಮೂಳೆ ಜಾಗ ಬಿಟ್ಟಿದೆ ಎಂದ. 24 ಬಾರಿ ಬರಬೇಕು, ಹಣ ಪೂರ್ತಿ ಮುಂಗಡ. ಎಕ್ಸ್‌ರೇಯಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಆಗಲಿ ನರವಾಗಲಿ ಕಾಣುವುದಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ನರಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲು ಆತ ನನ್ನನ್ನು ಹಿಮ್ಮಡಿಯ ಮೇಲೆ ನಡೆಸಿ ನೋಡಲಿಲ್ಲ, ಮಂಡಿಗೆ ಸುತ್ತಿಗೆ ತಟ್ಟಲಿಲ್ಲ, ಪಾದದಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಲೂ ಇಲ್ಲ.

ಮೊದಲ ತಿರುವಿಗೇ ಲಟಕ್! ಮೂಳೆ ಸ್ವಸ್ಥಾನಕ್ಕೆ ಬಂತೆಂದು ಹಿಗ್ಗಿದೆ. ಅದು ಬೆರಳಿನ ನೆಟಿಗೆ ಮುರಿದಂತೆಯೇ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಮೂಡುವ ಸದ್ದು, ಅಷ್ಟೆ. ಎರಡು ಗಂಟೆ ಹಾಯೆನಿಸುತ್ತಿತ್ತು, ಮತ್ತೆ ಅದೇ ನೋವು. ನೋವಿದ್ದದ್ದು ಸೊಂಟದಲ್ಲಿ, ಆತ ಕುತ್ತಿಗೆಯನ್ನೂ ತಿರುವಿದ, ನಾನೂ ಒಡ್ಡಿದೆ. ಮಿದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಕುತ್ತಿಗೆಯ ಮೂಳೆಗಳ ರಂಧ್ರಗಳಲ್ಲೇ ಹಾದುಹೋಗುತ್ತವೆ. ಕುತ್ತಿಗೆ ತಿರುವಿದಾಗ ಅಪರೂಪಕ್ಕೆ ಅವುಗಳ ಒಳಪದರ ಸೀಳಿ ಪಾರ್ಶ್ವವಾಯು ಬಡಿದದ್ದುಂಟು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆರನೆಯ ಭೇಟಿಯ ಹೊತ್ತಿಗೆ ಎಡಗಾಲಿನ ಹೆಬ್ಬೆರಳು ಮರಗಟ್ಟಿತು. "ದೇಹ ಒಗ್ಗಿಕೊಳ್ಳುತ್ತಿದೆ, ಒಳ್ಳೆಯ ಲಕ್ಷಣ" ಎಂದ. ನಂಬಿದೆ. ಇಡೀ ಪ್ರಕರಣದಲ್ಲಿ ನನ್ನನ್ನು ಕೆಡಿಸಿದ್ದು ಈ ಒಂದು ಮಾತು. ಎಂಟನೆಯ ಭೇಟಿ ಮುಗಿಸಿ ಬರುವಾಗ ಎಡಗಾಲಿನ ಚಪ್ಪಲಿ ಕಳಚಿಬಿದ್ದದ್ದೇ ಗೊತ್ತಾಗಲಿಲ್ಲ; ಹಿಂದೆ ಬರುತ್ತಿದ್ದವರು ಕೂಗಿ ಕರೆದರು. ಆದರೂ ಒಂಬತ್ತನೆಯ ಬಾರಿ ಹೋದೆ!

ಆ ರಾತ್ರಿ ಮೂತ್ರ ಕಟ್ಟಿತು. ಕುಳಿತರೆ ಆಸನಕ್ಕೆ ತಾಗುವ ಭಾಗವೇ ನನ್ನದಲ್ಲವೆಂಬಂತೆ ಜಡವಾಗಿತ್ತು. ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಸೊಂಟದ ಭಾಗದ ನಾಲ್ಕು ಮತ್ತು ಐದನೆಯ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ, ಕುದುರೆಯ ಬಾಲದಂತೆ ಇಳಿಬಿದ್ದಿರುವ ನರಗಳ ಕಟ್ಟನ್ನು ಅದುಮಿತ್ತು. ಬೆಳಗಾಗುವುದರೊಳಗೆ ಶಸ್ತ್ರಚಿಕಿತ್ಸೆ ಆಯಿತು.

ತಿರುಚಿದ್ದರಿಂದಲೇ ಹೀಗಾಯಿತೆಂದು ಶಸ್ತ್ರವೈದ್ಯರು ಹೇಳಲಿಲ್ಲ; ಅದು ತಾನಾಗಿಯೂ ಆಗಬಹುದಿತ್ತಂತೆ. ಆದರೆ ಮರಗಟ್ಟುವಿಕೆ ಹೆಚ್ಚುತ್ತಿರುವ ಕಾಲನ್ನು ಇಟ್ಟುಕೊಂಡು ಬೆನ್ನು ತಿರುಚಿಸಿಕೊಳ್ಳಲೇಬಾರದಿತ್ತು ಎಂದು ಗದರಿದರು. ಬರೀ ಸೊಂಟನೋವಾದರೆ ಬಹುಪಾಲು ಜನರಿಗೆ ಆರು ವಾರಗಳೊಳಗೆ ತಗ್ಗುತ್ತದೆ, ಓಡಾಡಿಕೊಂಡಿದ್ದರೆ ಸಾಕು. ಕಾಲಿನ ಬಲ ಕುಂದಿದರೆ, ಪಾದ ಎಳೆಯತೊಡಗಿದರೆ ಅಂದೇ ವೈದ್ಯರಿಗೆ ತೋರಿಸಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜಡವಾದರೆ ಬೆಳಗಿನವರೆಗೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಹನ್ನೊಂದು ತಿಂಗಳಾದವು. ಹೆಬ್ಬೆರಳು ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಉಳಿದ 15 ಭೇಟಿಗಳ ಹಣ ವಾಪಸು ಕೇಳಿದ್ದಕ್ಕೆ ಒಂದು ಸಂದೇಶ ಬಂದಿತು: ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟಿದ್ದರಿಂದ ಫಲ ಸಿಕ್ಕಿಲ್ಲವಂತೆ.