ಮಳೆಗೆ ಹೆದರದ ತಮಟೆ: ಜಾಥಾ, ಬೀದಿನಾಟಕದ ತಂಡಗಳಿಗೆ ಫೈಬರ್ ತಮಟೆ ಒದಗುತ್ತದೆಯೇ?

ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಬಿಸಿಲಿನಲ್ಲಿ ಚರ್ಮದ ತಮಟೆಯನ್ನು ಮೀರಿಸುವ ವಾದ್ಯವಿಲ್ಲ. ನವೆಂಬರ್ 26ರ ಸಂವಿಧಾನ ದಿನದ ಹೊತ್ತಿಗೆ ಮಾತು ಬೇರೆ. ಮೈಸೂರು, ಮಂಡ್ಯದ ಕಡೆ ಆಗ ಹಿಂಗಾರಿನ ತುಂತುರು ಪೂರ್ತಿ ಬಿಟ್ಟಿರುವುದಿಲ್ಲ, ಬೆಳಗಿನ ಇಬ್ಬನಿ ಬೇರೆ. ಪುರಭವನದ ಬಳಿಯ ಅಂಬೇಡ್ಕರ್ ಪ್ರತಿಮೆಯಿಂದ ಜಾಥಾ ಹೊರಡುವಷ್ಟರಲ್ಲಿ ತೊಗಲು ತೇವ ಹೀರಿ ಸಡಿಲವಾಗಿರುತ್ತದೆ. ಬಡಿದರೆ ಚಾಪೆ ಕೊಡವಿದ ಸದ್ದು. ಈ ಫಜೀತಿಗೆ ಉತ್ತರವೆಂದು ವಾದ್ಯದಂಗಡಿಗಳಲ್ಲಿ ನೇತುಹಾಕಿರುವುದೇ ಫೈಬರ್ ತಮಟೆ. ಯಾವುದೋ ಒಂದು ಕಂಪನಿಯ ಮಾಲನ್ನು ಹೊಗಳುವುದು, ತೆಗಳುವುದು ಇಲ್ಲಿನ ಉದ್ದೇಶವಲ್ಲ. ಲೋಹದ ಬಳೆ, ಪ್ಲಾಸ್ಟಿಕ್ ಮುಖ, ಸುತ್ತ ಬೋಲ್ಟು ಇರುವ ಈ ಬಗೆಯ ತಮಟೆಯನ್ನು ಪೌರಕಾರ್ಮಿಕರ ಧರಣಿ, ಕಾಡಿನ ಹಕ್ಕಿನ ಜಾಥಾ, ಶಾಲೆ ಅಂಗಳದ ಬೀದಿನಾಟಕ ಇಂಥ ಕೆಲಸಕ್ಕೆ ಕೊಳ್ಳಬೇಕೆಂದಿರುವ ತಂಡಗಳು ಏನೇನು ನೋಡಬೇಕು ಎಂಬುದಷ್ಟೇ ವಿಷಯ.

ಒಂದೇ ಮಾತಿನಲ್ಲಿ ತೀರ್ಪು ಬೇಕೆನ್ನುವವರಿಗೆ: ಕಲಿಕೆಗೆ ಮತ್ತು ಮಳೆಗಾಲಕ್ಕೆ ಐದಕ್ಕೆ ನಾಲ್ಕೂವರೆ, ದನಿಗೆ ಐದಕ್ಕೆ ಮೂರು. ಚರ್ಮದ ತಮಟೆಯ ತಂಡವನ್ನು ಕರೆಸುವ ಖರ್ಚು ಉಳಿಸಲೆಂದು ಕೊಳ್ಳುವುದಾದರೆ ಸೊನ್ನೆ. ಅದೇಕೆಂದು ಮುಂದೆ ಬರುತ್ತದೆ.

ಮೊದಲು ವಾದ್ಯ. ಅಂಗಡಿಯವರು ಫೈಬರ್ ಅನ್ನುವುದು ರೂಢಿಯ ಮಾತು; ಮುಖಕ್ಕೆ ಹಾಕುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆ, ಡ್ರಮ್‌ಸೆಟ್ಟಿನ ಮುಖಕ್ಕೆ ಬಳಸುವ ಜಾತಿಯದೇ. ಅದು ನೀರು ಹೀರುವುದಿಲ್ಲ. ಹಾಗಾಗಿ ಬೆಂಕಿ ಕಾಯಿಸುವ ಕೆಲಸವಿಲ್ಲ, ಶ್ರುತಿ ಬೋಲ್ಟಿನ ಕೈಯಲ್ಲಿದೆ. ಚರ್ಮದ ತಮಟೆಯಲ್ಲಿ ಮೇಕೆ ಅಥವಾ ಕರುವಿನ ತೊಗಲನ್ನು ಸುಣ್ಣದಲ್ಲಿಟ್ಟು ಕೂದಲು ತೆಗೆದು, ನೆನೆಸಿ, ಹಸಿಯಾಗಿರುವಾಗಲೇ ಬಳೆಗೆ ಎಳೆದು ಕಟ್ಟುತ್ತಾರೆ. ಒಣಗುತ್ತ ಅದು ತಾನಾಗಿ ಬಿಗಿಯುತ್ತದೆ. ಎಳೆದು ಒಣಗಿಸಿದ ಮೇಲೆ ಮತ್ತೆ ಬಿಗಿ ಬೇಕೆಂದರೆ ಶಾಖವೊಂದೇ ದಾರಿ. ಹುಲ್ಲು, ಕಬ್ಬಿನ ತರಗು, ಹಳೇ ಪೇಪರ್ ಯಾವುದಾದರೂ ಸರಿ. ಉರಿಯಿಂದ ಒಂದು ಮೊಳ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ತಿರುಗಿಸುತ್ತ ಕಾಯಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಖಣ್ ಎನ್ನುವವರೆಗೆ ಸಾಕು. ಆಸೆಗೆ ಬಿದ್ದು ಇನ್ನೊಂದು ಸುತ್ತು ಕಾಯಿಸಿದರೆ ತೊಗಲು ಸುಕ್ಕಿ, ಗರಿಗರಿಯಾಗಿ, ಅಂಚಿನಲ್ಲೇ ಬಿರಿಯುತ್ತದೆ. ಥಂಡಿಯ ದಿನ ಅರ್ಧ ಗಂಟೆಗೊಮ್ಮೆ ಮತ್ತೆ ಕಾಯಿಸಲೇಬೇಕು. ಜಿಲ್ಲಾಧಿಕಾರಿ ಕಚೇರಿ ಎದುರು ಬೆಂಕಿ ಹಾಕಿದರೆ ಪೊಲೀಸರು ಸುಮ್ಮನಿರುವುದಿಲ್ಲ. ರಂಗಮಂದಿರದ ಒಳಗಾದರೆ 500 ವ್ಯಾಟಿನ ಹ್ಯಾಲೊಜನ್ ದೀಪದ ಮುಂದೆ ಹಿಡಿಯಬಹುದು. ಬೀದಿಯಲ್ಲಿ ಆ ಅನುಕೂಲವೂ ಇಲ್ಲ. ಫೈಬರ್ ಗೆಲ್ಲುವುದು ಇಲ್ಲಿಯೇ.

ಕೊಳ್ಳುವಾಗ ಮೊದಲು ಬಳೆಯನ್ನು ಸಪಾಟು ನೆಲದ ಮೇಲಿಡಿ. ಎಲ್ಲಿಯಾದರೂ ಕುಂಟಿದರೆ ಬೇಡ. ಸೊಟ್ಟ ಬಳೆಗೆ ಎಷ್ಟು ಬೋಲ್ಟು ತಿರುಗಿಸಿದರೂ ಶ್ರುತಿ ಕೂರುವುದಿಲ್ಲ. ಬೆಸುಗೆ ಹಾಕಿದ ಜಾಗವನ್ನು ಬೆರಳಾಡಿಸಿ ನೋಡಿ, ಮುಳ್ಳು ಎದ್ದಿದ್ದರೆ ಹಾಳೆಯನ್ನು ಒಳಗಿಂದಲೇ ಕೊಯ್ಯುತ್ತದೆ. ಆರು ಬೋಲ್ಟಿನದಕ್ಕಿಂತ ಎಂಟು ಬೋಲ್ಟಿನದು ವಾಸಿ, ಎಳೆತ ಸಮನಾಗಿ ಹಂಚಿಹೋಗುತ್ತದೆ. ಅಳತೆ 14ರಿಂದ 16 ಇಂಚು ಇದ್ದರೆ ನಡೆಯುತ್ತ ಬಾರಿಸಬಹುದು. 18 ಇಂಚಿನದು ವೇದಿಕೆಯಲ್ಲಿ ಚೆಂದ, ಮೂರು ಕಿಲೋಮೀಟರ್ ಹೊತ್ತು ನಡೆದವರ ಎಡಗೈ ಮಾತ್ರ ಮಾತಾಡುತ್ತದೆ. ತೂಕ ಒಂದೂವರೆ ಕೆಜಿ ದಾಟಿದರೆ ಹದಿಹರೆಯದ ಹುಡುಗ ಹುಡುಗಿಯರ ತಂಡಕ್ಕೆ ಆಗಿಬರದು. ಹೆಗಲ ಪಟ್ಟಿ ಕನಿಷ್ಠ ಎರಡು ಬೆರಳು ಅಗಲ ಇರಲಿ. ಅಂಗಡಿಯಲ್ಲಿ ಕೊಡುವ ತೆಳು ನೈಲಾನ್ ಹಗ್ಗ ಅರ್ಧ ದಾರಿಗೇ ಹೆಗಲು ಕೊರೆಯುತ್ತದೆ, ಅದನ್ನು ಬಿಚ್ಚಿ ಹಳೇ ಶಾಲೆ ಬ್ಯಾಗಿನ ಪಟ್ಟಿ ಹೊಲಿಸಿ.

ಶ್ರುತಿ ಮಾಡುವ ಕ್ರಮದಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಬೋಲ್ಟುಗಳನ್ನು ಮೊದಲು ಬರಿಗೈಯಲ್ಲಿ, ಸಿಗುವಷ್ಟು ಮಾತ್ರ ತಿರುಗಿಸಿ. ಆಮೇಲೆ ಸ್ಪ್ಯಾನರ್. ಬೋಲ್ಟು ಎಂ6 ಅಳತೆಯದಾದರೆ 10 ನಂಬರಿನ ಸ್ಪ್ಯಾನರ್ ಸರಿಹೋಗುತ್ತದೆ. ಒಂದರ ಪಕ್ಕ ಒಂದರಂತೆ ಸುತ್ತಿಕೊಂಡು ಹೋಗಬಾರದು, ಎದುರುಬದುರಾಗಿ ಹೋಗಬೇಕು: ಒಂದು, ಐದು, ಮೂರು, ಏಳು, ಎರಡು, ಆರು, ನಾಲ್ಕು, ಎಂಟು. ಪ್ರತಿ ಸಲ ಅರ್ಧ ಸುತ್ತು ಮಾತ್ರ. ಒಂದು ಪೂರ್ತಿ ಸರದಿ ಮುಗಿದ ಮೇಲೆ ಅಂಚಿನಿಂದ ಒಂದಿಂಚು ಒಳಗೆ, ಪ್ರತಿ ಬೋಲ್ಟಿನ ನೇರಕ್ಕೆ ಬೆರಳಲ್ಲಿ ತಟ್ಟಿ ಕೇಳಿ. ಎಲ್ಲಿ ದನಿ ಇಳಿದಿದೆಯೋ ಅಲ್ಲಿಗೆ ಕಾಲು ಸುತ್ತು. ಸಾಲಾಗಿ ಬಿಗಿಯುತ್ತ ಹೋದರೆ ಹಾಳೆಯನ್ನು ಒತ್ತಿ ಹಿಡಿಯುವ ಮೇಲಿನ ರಿಂಗು ಒಂದು ಮಗ್ಗುಲಿಗೆ ವಾಲಿ, ಎದುರು ಮಗ್ಗುಲಲ್ಲಿ ಹಾಳೆ ಸುಕ್ಕಾಗುತ್ತದೆ. ಆ ಸುಕ್ಕು ಒಮ್ಮೆ ಮಡಿಕೆಯಾಗಿ ಕೂತರೆ ಹೋಗುವುದಿಲ್ಲ. ಹೊಸ ಹಾಳೆ ಮೊದಲ ದಿನದ ಬಡಿತಕ್ಕೆ ಹಿಗ್ಗುತ್ತದೆ, ಮರುದಿನ ಮತ್ತೆ ಬಿಗಿಯಬೇಕು. ಅದು ದೋಷವೆಂದು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ, ಬೇಕಿಲ್ಲ.

ಅಂಗಡಿಯಿಂದ ಬರುವ ನಟ್ಟುಗಳು ಸಾದಾ. ಬಡಿತದ ಅದುರಿಗೆ ಒಂದು ಗಂಟೆಯೊಳಗೆ ಸಡಿಲವಾಗುತ್ತವೆ, ಜಾಥಾ ಮುಗಿಯುವಷ್ಟರಲ್ಲಿ ಒಂದೆರಡು ಬೀದಿಪಾಲಾಗಿರುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನೈಲಾನ್ ಒಳಪಟ್ಟಿ ಇರುವ ಲಾಕ್‌ನಟ್ಟು ಕೇಳಿ ಎಂಟನ್ನೂ ಬದಲಾಯಿಸಿ. ಈ ಚಿಲ್ಲರೆ ಖರ್ಚಿನಷ್ಟು ಪ್ರಯೋಜನ ಬೇರೆ ಯಾವುದರಿಂದಲೂ ಇಲ್ಲ.

ಇನ್ನು ದನಿ. ಚರ್ಮದ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅದುರನ್ನು ತಾನೇ ನುಂಗಿಕೊಳ್ಳುವ ಗುಣವೂ ಅದಕ್ಕಿದೆ. ಹಾಗಾಗಿ ಏಟು ಬಿದ್ದ ಕೂಡಲೇ ಸದ್ದು ಮುಗಿಯುತ್ತದೆ, ಮುಂದಿನ ಏಟಿಗೆ ಜಾಗ ಬಿಡುತ್ತದೆ. ಪಾಲಿಯೆಸ್ಟರ್ ಹಾಳೆ ಏಟಾದ ಮೇಲೂ ಗುಂಯ್‌ಗುಡುತ್ತದೆ. ಒಬ್ಬರೇ ಬಾರಿಸಿದರೆ ಗೊತ್ತಾಗದು. ಎಂಟು ಮಂದಿ ಸೇರಿದರೆ ಒಂದರ ಗುಂಯ್ ಇನ್ನೊಂದರ ಏಟಿನ ಮೇಲೆ ಬಿದ್ದು, ದಪ್ಪ ಕಡ್ಡಿಯ ಹೊಡೆತ ಯಾವುದು, ಸಣ್ಣ ಕಡ್ಡಿಯ ಚಿಟಿಕೆ ಯಾವುದು ತಿಳಿಯದೆ ಎಲ್ಲ ಕಲಸಿಹೋಗುತ್ತದೆ. ಮದ್ದು ಸುಲಭ: ಹಾಳೆಯ ಹಿಂಬದಿಗೆ, ಅಂಚಿನಿಂದ ಎರಡಿಂಚು ಒಳಗೆ, ಮೂರಿಂಚು ಉದ್ದದ ಬಟ್ಟೆ ಪ್ಲಾಸ್ಟರು ಎರಡು ಕಡೆ ಎದುರುಬದುರು ಅಂಟಿಸಿ. ಸಾಲದಿದ್ದರೆ ಮೂರನೆಯದು. ನಾಲ್ಕು ದಾಟಿದರೆ ತಮಟೆ ಮಂಕಾಗುತ್ತದೆ. ಕಿವಿಗಂತೂ ಫೈಬರ್ ಕಠೋರ. ಎರಡು ಗಂಟೆಯ ಅಭ್ಯಾಸವಿದ್ದರೆ ಫೋಮಿನ ಕಿವಿಮುಚ್ಚು ಹಾಕಿಕೊಳ್ಳಿ, ಹತ್ತಿ ಉಂಡೆ ಹೆಚ್ಚೇನೂ ತಡೆಯುವುದಿಲ್ಲ.

ಹಾಳೆ ಒಡೆಯುವುದಕ್ಕೆ ಬಹುಪಾಲು ಕಾರಣ ಕಡ್ಡಿ. ಸಣ್ಣ ಬಿದಿರ ಕಡ್ಡಿಯ ತುದಿ ಸಿಬಿರೆದ್ದಿದ್ದರೆ ಹಾಳೆಗೆ ಗೀರು ಬೀಳುತ್ತದೆ. ಬಿಗಿದ ಹಾಳೆಯ ಮೇಲಿನ ಗೀರೇ ಮುಂದೆ ಸೀಳಾಗುವುದು. ಉಪ್ಪುಕಾಗದ ತಿಕ್ಕಿ, ತುದಿಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ. ಸೀಳು ಕಂಡ ತಕ್ಷಣ ಎಂಟೂ ಬೋಲ್ಟು ಸಡಿಲಿಸಬೇಕು, ಇಲ್ಲವಾದರೆ ನಿಂತ ನಿಲುವಿನಲ್ಲೇ ಅಂಚಿನಿಂದ ಅಂಚಿಗೆ ಹೋಗುತ್ತದೆ. ತೇಪೆ ಹಾಕಿ ಮತ್ತೆ ಬಾರಿಸುವ ಆಸೆ ಬೇಡ.

ಬೀದಿನಾಟಕದವರಿಗೆ ಇನ್ನೊಂದು ಎಚ್ಚರ. ಫೈಬರಿನ ಸದ್ದು ಮಾತಿನ ವ್ಯಂಜನಗಳನ್ನು ತಿಂದುಹಾಕುತ್ತದೆ. ಘೋಷಣೆಗೆ ಮುಂಚೆ ಎರಡು ಎಣಿಕೆ ಪೂರ್ತಿ ನಿಲ್ಲಿಸಿ, ಘೋಷಣೆ ಮುಗಿದ ಮೇಲೆ ಏಟು ಎತ್ತಿಕೊಳ್ಳಿ. ‘ಜೈ ಭೀಮ್’ ಎಂಬಂಥ ಚಿಕ್ಕದು ತಾಳಕ್ಕೆ ತಾನೇ ಕೂರುತ್ತದೆ. ಮನವಿ ಪತ್ರದ ಸಾಲನ್ನು ಹಾಗೇ ಘೋಷಣೆ ಮಾಡಿ ಎಂಟು ಹತ್ತು ಪದ ತುರುಕಿದರೆ ಹಿಂದಿನ ಸಾಲಿನವರಿಗೆ ಕೊನೆಯ ಪದ ಮಾತ್ರ ಕೇಳಿಸುತ್ತದೆ. ನಿಲ್ಲಿಸುವ ಸನ್ನೆ ಒಬ್ಬರ ಕೈಯಲ್ಲಿರಲಿ, ಅದು ಕಣ್ಣಿಗೆ ಕಾಣುವಂಥದ್ದಿರಲಿ. ಸದ್ದಿನಲ್ಲಿ ಬಾಯಿಮಾತು ಯಾರಿಗೂ ಕೇಳದು.

ಎಲ್ಲಿ ಬಾರಿಸಬಹುದು ಎನ್ನುವುದನ್ನೂ ಮೊದಲೇ ನೋಡಿಕೊಳ್ಳಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲಾಕಾಲೇಜು, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಹಾಗೆ ಘೋಷಿಸಿದ ಕಡೆ ಡೋಲು, ತಮಟೆಯಂಥವನ್ನು ಬಡಿಯುವುದನ್ನು ನಿಯಮ ಬಿಡಿಸಿ ಹೇಳಿಯೇ ನಿಷೇಧಿಸಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ವಾದ್ಯಕ್ಕೂ ಧ್ವನಿವರ್ಧಕಕ್ಕೂ ನಿರ್ಬಂಧ. ಮೈಸೂರಿನಲ್ಲಿ ಇರ್ವಿನ್ ರಸ್ತೆ ಹಿಡಿದರೆ ಕೆ.ಆರ್. ಆಸ್ಪತ್ರೆ ಸಿಗುತ್ತದೆ, ಮಂಡ್ಯದಲ್ಲಿ ಹೆದ್ದಾರಿ ಹಿಡಿದರೆ ಮಿಮ್ಸ್ ಆಸ್ಪತ್ರೆ. ಅನುಮತಿ ಅರ್ಜಿಯಲ್ಲೇ ಮಾರ್ಗ ಬರೆದು, ‘ಇಂತಲ್ಲಿಂದ ಇಂತಲ್ಲಿಯವರೆಗೆ ವಾದ್ಯ ನಿಲ್ಲಿಸುತ್ತೇವೆ’ ಎಂದು ಒಂದು ಸಾಲು ಸೇರಿಸಿ, ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ. ಸದ್ದಿನ ನೆಪಕ್ಕೆ ಇಡೀ ಮೆರವಣಿಗೆಯನ್ನೇ ತಡೆಯುವ ಅವಕಾಶ ಕೊಡಬಾರದು. ಆ 100 ಮೀಟರಿನ ಮೌನವನ್ನು ಭಿತ್ತಿಪತ್ರ ಎತ್ತಿ ಹಿಡಿಯಲು ಬಳಸಿಕೊಳ್ಳುವ ತಂಡಗಳೂ ಇವೆ. ಫೋಟೊ ಚೆನ್ನಾಗಿ ಬರುವುದೂ ಅಲ್ಲೇ.

ಈಗ ಆ ಸೊನ್ನೆ ಅಂಕದ ವಿಚಾರ. ತಮಟೆ ಹಳ್ಳಿಯಲ್ಲಿ ಯಾರ ಹೆಗಲಿಗೆ ಬಿದ್ದಿತ್ತು, ಹಬ್ಬಕ್ಕೆ, ಸಾವಿಗೆ, ಊರಿಗೆ ಸುದ್ದಿ ಸಾರುವುದಕ್ಕೆ ಯಾರನ್ನು ಕರೆಯುತ್ತಿದ್ದರು ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎಪ್ಪತ್ತರ ದಶಕದಿಂದ ದಲಿತ ಚಳವಳಿ ಎರಡು ಕೆಲಸ ಮಾಡಿತು: ಜಾತಿಯ ಚಾಕರಿಯಾಗಿ ತಮಟೆ ಬಡಿಯುವುದಿಲ್ಲ ಎಂದಿತು, ಅದೇ ತಮಟೆಯನ್ನು ತನ್ನ ಮೆರವಣಿಗೆಯ ಮುಂದೆ ಹಿಡಿಯಿತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದಕ್ಕೊಂದು ಎದುರು ಅನ್ನಿಸಬಹುದು. ಬಡಿ ಎಂದು ಹೇಳುವ ಹಕ್ಕು ಯಾರದು ಎಂದು ಕೇಳಿಕೊಂಡರೆ ಎರಡೂ ಒಂದೇ ಮಾತು. ಇಂದು ದಸರಾ ಮೆರವಣಿಗೆಯಲ್ಲಿ ತಮಟೆ ತಂಡಗಳಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಾಗೆಂದು ಊರಿನೊಳಗಿನ ಲೆಕ್ಕ ಪೂರ್ತಿ ಬದಲಾಗಿದೆ ಎಂದೇನೂ ಅಲ್ಲ.

ಆದ್ದರಿಂದ ದಲಿತ ಕೇರಿಯ ಯುವಕರ ತಂಡವೊಂದು ‘ನಮಗೆ ತೊಗಲು ಬೇಡ, ಫೈಬರ್ ಸಾಕು’ ಎಂದರೆ ಅದಕ್ಕೆ ಗೌರವ ಕೊಡಬೇಕು. ಸತ್ತ ದನದ ಚರ್ಮದ ಜೊತೆ ತಳುಕು ಹಾಕಿದ ಅವಮಾನವನ್ನು ಕಂಡವರು ಅವರು. ಅಸಲಿ ದನಿ, ಮಣ್ಣಿನ ಸೊಗಡು ಎಂದು ಪೇಟೆಯ ಕಲಾಪ್ರೇಮಿಗಳು ಅವರಿಗೆ ಪಾಠ ಹೇಳುವುದು ಅಧಿಕಪ್ರಸಂಗ. ಇನ್ನೊಂದು ಕಡೆ, ತೊಗಲು ಹದ ಮಾಡಿ ತಮಟೆ ಕಟ್ಟುವುದನ್ನೇ ಕಸುಬಾಗಿ, ಹೆಮ್ಮೆಯಾಗಿ ಉಳಿಸಿಕೊಂಡಿರುವ ಕುಟುಂಬಗಳೂ ಇವೆ. ಹತ್ತು ಫೈಬರ್ ಕೊಂಡ ಸಂಘಟನೆ ಎರಡನ್ನಾದರೂ ಅವರಿಂದ ಮಾಡಿಸಿಕೊಳ್ಳಲಿ. ಬೇಸಿಗೆಯ ಕಾರ್ಯಕ್ರಮಕ್ಕೆ ಅವೇ ಮುಂದಿನ ಸಾಲಿನಲ್ಲಿರಲಿ.

ಖರ್ಚು ಉಳಿಸುವ ಲೆಕ್ಕಾಚಾರ ಶುರುವಾಗುವುದು ಹೀಗೆ: ಕಲಾವಿದರ ತಂಡಕ್ಕೆ ಕೊಡುವ ಸಂಭಾವನೆ ಜಾಸ್ತಿಯೆನಿಸುತ್ತದೆ, ಅದೇ ದುಡ್ಡಿಗೆ ಫೈಬರ್ ಕೊಂಡು ಸ್ವಯಂಸೇವಕರ ಕೈಗೆ ಕೊಡುತ್ತಾರೆ. ದಲಿತರ ಪರ ಎಂದು ಹೊರಟ ಜಾಥಾದಲ್ಲಿ ದಲಿತ ಕಲಾವಿದರೇ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದು, ‘ನಿಮ್ಮದೇ ಹೋರಾಟ ಅಲ್ಲವಾ’ ಎಂದು ತಂಡವನ್ನು ಬಿಟ್ಟಿಗೆ ಕರೆಸುವುದು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ಹೆಸರಿಟ್ಟೇ ನಿಷೇಧಿಸಿದೆ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಒಲಿಸಿ ಕರೆಸಿದ್ದು ಕಾನೂನಿನ ಪ್ರಕಾರ ಬಲವಂತ ಆಗದಿರಬಹುದು. ಸಂವಿಧಾನ ದಿನಕ್ಕೇ ಹೀಗೆ ಮಾಡಿದರೆ ನೋಡಿದವರು ನಗುತ್ತಾರೆ.

ಕರೆಸುವವರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ: ಎಷ್ಟು ಮಂದಿ, ಎಷ್ಟು ಹೊತ್ತು, ಎಷ್ಟು ಹಣ, ಅರ್ಧ ಮುಂಗಡ, ಬಾಕಿ ಅದೇ ದಿನ. ಗಾಡಿ ಬಾಡಿಗೆ, ಊಟ ಬೇರೆ. ನಲವತ್ತು ನಿಮಿಷ ಬಾರಿಸಿದರೆ ಹತ್ತು ನಿಮಿಷ ವಿಶ್ರಾಂತಿ, ನೀರು. ಕರಪತ್ರದಲ್ಲಿ ‘ಜಾನಪದ ತಂಡದಿಂದ’ ಎಂದು ತೇಲಿಸದೆ ತಂಡದ ಹೆಸರು, ಊರು ಅಚ್ಚಾಗಲಿ. ಜನ ಸೇರಿಸುವವರೆಗೆ ತಮಟೆ, ಸೇರಿದ ಮೇಲೆ ತಮಟೆಯವರು ಮರದ ಕೆಳಗೆ, ವೇದಿಕೆಯಲ್ಲಿ ಬೇರೆಯವರ ಭಾಷಣ ಎಂಬ ಹಳೇ ಪದ್ಧತಿ ಬಿಡಬೇಕು. ತಂಡದಿಂದ ಒಬ್ಬರಿಗೆ ಐದೇ ನಿಮಿಷವಾದರೂ ಮೈಕು ಕೊಡಿ, ಅದೂ ಮೊದಲ ಮೂವರಲ್ಲಿ. ಕೊನೆಗೆ ಇಟ್ಟರೆ ಆ ಹೊತ್ತಿಗೆ ಪತ್ರಿಕೆಯವರು ಹೋಗಿರುತ್ತಾರೆ. ಫೈಬರ್ ಕೊಂಡವರಿಗೆ ಕಲಿಸಲು ಅದೇ ತಂಡದ ಹಿರಿಯರನ್ನು ಸಂಬಳ ಕೊಟ್ಟು ಕರೆಸಿದರೆ ಫೈಬರಿಗೂ ನಾಲಗೆ ಬರುತ್ತದೆ. ಮೊಬೈಲ್ ನೋಡಿ ಕಲಿತ ಕೈಗಳು ಏಟನ್ನೇನೋ ಹಿಡಿಯುತ್ತವೆ, ಕಾಲಿನ ನಡೆ ಬರುವುದಿಲ್ಲ. ತಮಟೆಯಲ್ಲಿ ಕಾಲು ಕೈ ಎರಡೂ ಸೇರಿಯೇ ತಾಳ.

ಬೆಲೆ ಚೌಕಾಶಿಯ ಮಾತು. ಒಂದಕ್ಕೆ ಹೇಳುವ ದರ, ಹತ್ತಕ್ಕೆ ಹೇಳುವ ದರ ಎರಡನ್ನೂ ಕೇಳಿ, ಬಿಲ್ ಹಾಕಿಸಿಕೊಳ್ಳಿ. ಸಂಘದ ಲೆಕ್ಕಪತ್ರಕ್ಕೆ ಬೇಕಾಗುತ್ತದೆ. ಐದು ತಮಟೆಗೆ ಎರಡರಂತೆ ಬದಲಿ ಹಾಳೆಯನ್ನು ಅದೇ ದಿನ, ಅದೇ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ತಯಾರಕರಿಂದ ತಯಾರಕರಿಗೆ ಬಳೆಯ ಅಳತೆ ಅರ್ಧ ಇಂಚು ಹೆಚ್ಚುಕಡಿಮೆ ಇರುತ್ತದೆ, ಆಮೇಲೆ ಬೇರೆಲ್ಲೋ ತಂದ ಹಾಳೆ ಕೂರುವುದಿಲ್ಲ. ಜಾಥಾ ಚೀಲದಲ್ಲಿ ಸ್ಪ್ಯಾನರ್ ಎರಡು, ಲಾಕ್‌ನಟ್ಟು ಹತ್ತು, ಬಟ್ಟೆ ಪ್ಲಾಸ್ಟರು ಒಂದು ಸುರುಳಿ, ಕಡ್ಡಿ ನಾಲ್ಕು ಜೊತೆ ಇರಲಿ. ಕಾರ್ಯಕ್ರಮ ಮುಗಿದ ಮೇಲೆ ಪ್ರತಿ ಬೋಲ್ಟನ್ನು ಒಂದು ಸುತ್ತು ಸಡಿಲಿಸಿ, ಮುಖಕ್ಕೆ ಮುಖ ತಾಗದಂತೆ ನಡುವೆ ಗೋಣಿಚೀಲ ಹಾಕಿ ಜೋಡಿಸಿ. ಬಿಸಿಲಲ್ಲಿ ನಿಲ್ಲಿಸಿದ ವ್ಯಾನಿನೊಳಗೆ ಮಾತ್ರ ಬಿಡಬೇಡಿ.